ದೊಡ್ಡವ್ವನ ಹಿಂದೆ ಯಾರು ನಿಲ್ಲಬೇಕು?

ಹಸು ಕಾಯಿಲೆ ಬಿದ್ದರೆ ಬೇಗೂರಿನಿಂದ ಡಾಕ್ಟರು ಬರುತ್ತಾರೆ. ಕರೆಂಟು ಹೋದರೆ ಲೈನ್‌ಮನ್ ಬರುತ್ತಾರೆ. ನಲ್ಲಿ ಕೆಟ್ಟರೆ ವಾಟರ್‌ಮನ್ ಬೈದುಕೊಂಡಾದರೂ ಬರುತ್ತಾರೆ. ಕಂಪ್ಯೂಟರಿನೊಳಗಿನ ಪ್ರೋಗ್ರಾಮ್ ಕೆಟ್ಟರೆ ಮಾತ್ರ ಯಾರೂ ಬರುವುದಿಲ್ಲ, ಮೆಸೇಜು ಬರುತ್ತದೆ. ನಮ್ಮ ಡೇರಿಯಲ್ಲಿ ಇಂಥದ್ದು ಆಗಾಗ ಆಗುತ್ತಲೇ ಇರುತ್ತದೆ. ಆಗುವಾಗ ಹೊಟ್ಟೆ ಉರಿಯುತ್ತದೆ, ಆಮೇಲೆ ಹೇಳುವಾಗ ನಗು ಬರುತ್ತದೆ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ಬೇಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ. ನಾನು ಕುದೇರು ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಹನ್ನೊಂದು ವರ್ಷದಿಂದ ಇಲ್ಲಿನ ಹೆಂಗಸರ ಹಾಲಿನ ಡೇರಿಗೆ ಸೆಕ್ರೆಟರಿ. ಬೆಳಗ್ಗೆ ಸಂಜೆ ಎರಡು ಹೊತ್ತೂ ಎಂಬತ್ತು ಮನೆಯ ಹೆಂಗಸರು ಹಾಲು ತರುತ್ತಾರೆ. ತಕ್ಕಡಿ ತೂಗುತ್ತದೆ, ಪಕ್ಕದ ಮಿಷನ್ನು ಹಾಲಿನಲ್ಲಿ ಫ್ಯಾಟ್ ಎಷ್ಟಿದೆ ಅಂತ ನೋಡುತ್ತದೆ, ಕಂಪ್ಯೂಟರು ಎರಡನ್ನೂ ಸೇರಿಸಿ ಚೀಟಿ ಹೊಡೆಯುತ್ತದೆ. ಫ್ಯಾಟ್ ಜಾಸ್ತಿ ಬಂದರೆ ಹಾಲಿಗೆ ಬೆಲೆ, ಹಾಕಿದವಳಿಗೆ ಮರ್ಯಾದೆ. ಕಮ್ಮಿ ಬಂದರೆ ಬೈಗುಳ, ಅದು ಗುಂಡಿ ಒತ್ತುವ ನನಗೆ. ನನಗೂ ಸಿಟ್ಟು ಬೇಗ ಬರುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಕಂಪನಿಯವರನ್ನು ಸ್ವಲ್ಪ ಜಾಸ್ತಿಯೇ ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಫೋಟೋ ಕಳಿಸಿ

ಮೊದಲ ತಕರಾರು ಸಣ್ಣದು. ಸಂಜೆ ಹಾಕಿದ ಹಾಲಿಗೂ ಚೀಟಿಯಲ್ಲಿ 'ಬೆಳಗ್ಗೆ' ಅಂತಲೇ ಬರಲು ಶುರುವಾಯಿತು. ಕಂಪನಿಗೆ ಫೋನ್ ಮಾಡಿದೆ. ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುವ ಒಬ್ಬ ಹುಡುಗಿ ಸಿಕ್ಕಿದಳು.

"ಮೇಡಂ, ದಯವಿಟ್ಟು ಪರದೆಯ ಒಂದು ಫೋಟೋ ತೆಗೆದು ವಾಟ್ಸಾಪ್‌ಗೆ ಕಳುಹಿಸಿ. ನಮ್ಮ ತಂಡ ಪರಿಶೀಲಿಸುತ್ತದೆ" ಅಂದಳು.

ಆ ಸಂಜೆ ನಾನು ಮೊಬೈಲು ಎತ್ತಿ ಸ್ಕ್ರೀನಿಗೆ ಹಿಡಿಯುವಷ್ಟರಲ್ಲಿ ನಮ್ಮ ಡೇರಿಯ ಅಧ್ಯಕ್ಷೆ ಬಂದರು. ಊರಿನಲ್ಲಿ ಯಾರ ಮನೆಯ ಮದುವೆ ಆಲ್ಬಂ ತೆರೆದರೂ ಅದರಲ್ಲಿ ಅವರಿರುತ್ತಾರೆ.

"ಏನಮ್ಮಿ ಅದು ಫೋಟೋ?"

"ಕಂಪನಿಗೆ ಕಳಿಸ್ಬೇಕು ಅಕ್ಕ."

"ಡೇರಿ ಫೋಟೋ ಕಂಪ್ನಿಗೆ ಓಯ್ತದೆ, ಅದ್ಯಕ್ಷೆ ಇಲ್ದೆ ಎಂಗ್ ತೆಗ್ದಿಯೆ? ಇರು, ಸೀರೆ ಬದ್ಲಾಯಿಸ್ಕಂಡ್ ಬತ್ತೀನಿ."

ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದರು. ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟು, ಮಗನನ್ನು ಮೊದಲ ದಿನ ಸ್ಕೂಲಿಗೆ ಕಳಿಸುವ ತಾಯಿಯ ಹಾಗೆ ನಿಂತರು. ಹಾಗೆಯೇ ತೆಗೆದು ಕಳಿಸಿದೆ. 'ಧನ್ಯವಾದಗಳು, ಫೋಟೋ ತುಂಬಾ ಸ್ಪಷ್ಟವಾಗಿದೆ' ಅಂತ ಉತ್ತರ ಬಂತು. ಆಮೇಲೆ ಸುದ್ದಿಯೇ ಇಲ್ಲ.

ಜನವರಿಯಲ್ಲಿ ಕಂಪನಿಯಿಂದ ಒಂದು ಕ್ಯಾಲೆಂಡರ್ ಬಂತು. ತಿರುವಿದರೆ ಮಾರ್ಚ್ ಪುಟದ ತುಂಬ ನಮ್ಮ ಅಧ್ಯಕ್ಷೆ, ಕೆಳಗೆ 'ನಮ್ಮ ಸಂತೃಪ್ತ ಗ್ರಾಹಕರು' ಅಂತ ಬರೆದಿದೆ. ಅವರ ಹಿಂದಿನ ಗೋಡೆ ಗಡಿಯಾರದಲ್ಲಿ ಆರೂಕಾಲು, ಕಿಟಕಿಯಾಚೆ ಬೀದಿ ದೀಪ ಹತ್ತಿದೆ, ಸ್ಕ್ರೀನಿನಲ್ಲಿ ದಪ್ಪ ಅಕ್ಷರದಲ್ಲಿ 'ಬೆಳಗ್ಗೆ'. ಕಂಪನಿಯಲ್ಲಿ ಅದನ್ನು ಎಷ್ಟು ಜನ ನೋಡಿ ಪ್ರಿಂಟಿಗೆ ಕಳಿಸಿದರೋ ಗೊತ್ತಿಲ್ಲ.

ಅಧ್ಯಕ್ಷೆ ಆ ಕ್ಯಾಲೆಂಡರನ್ನು ಮಿಷನ್ನಿನ ಪಕ್ಕದ ಗೋಡೆಗೆ ತೂಗುಹಾಕಿಸಿದರು. ಮಾರ್ಚ್ ಮುಗಿದ ಮೇಲೂ ಪುಟ ತಿರುಗಿಸಲು ಬಿಡಲಿಲ್ಲ. ಆ ವರ್ಷ ನಮ್ಮ ಡೇರಿಯಲ್ಲಿ ಹೊತ್ತೂ ತಪ್ಪು, ತಿಂಗಳೂ ತಪ್ಪು.

ಒಂದು ನಂಬರ್ ಹೇಳಿ

ನಾನು ಬಿಡಲಿಲ್ಲ, ಮತ್ತೆ ದೂರು ಕೊಟ್ಟೆ. ಕಂಪನಿಯ ಪದ್ಧತಿ ಹೀಗೆ: ದೂರು ಕೊಟ್ಟರೆ ಚಾಮರಾಜನಗರದಲ್ಲಿರುವ ಅವರ ಇಂಜಿನಿಯರ್ ಬರಬೇಕು. ಸರಿಮಾಡಿದ ಮೇಲೆ ನಮ್ಮ ಮೊಬೈಲಿಗೆ ಬಂದ ನಂಬರನ್ನು ಅವರಿಗೆ ಹೇಳಬೇಕು. ಹೇಳಿದರೆ ದೂರು ಮುಗಿದ ಹಾಗೆ.

ಮಾರನೇ ದಿನವೇ ಇಂಜಿನಿಯರ್ ಫೋನ್ ಮಾಡಿದರು. "ಮೇಡಂ, ನಿಮಗೊಂದು ನಂಬರ್ ಬಂದಿರುತ್ತೆ, ಸ್ವಲ್ಪ ಹೇಳಿ."

"ನೀವಿನ್ನೂ ಬಂದೇ ಇಲ್ವಲ್ಲ ಸಾರ್?"

"ಗುರುವಾರ ಗ್ಯಾರಂಟಿ ಬರ್ತೀನಿ ಮೇಡಂ. ಇವತ್ತು ಮುಗಿಸಿಲ್ಲ ಅಂದ್ರೆ ನನ್ನ ಹೆಸರಿನ ಮುಂದೆ ಕೆಂಪು ಬೀಳುತ್ತೆ. ಇಡೀ ಜಿಲ್ಲೆಗೆ ನಾನೊಬ್ಬನೇ. ಮನೇಲಿ ಎರಡು ಮಕ್ಕಳು."

ಮಕ್ಕಳ ಮಾತು ಬಂದ ಮೇಲೆ ನನ್ನ ಕರುಳು ಕೇಳುತ್ತದೆಯೇ? ನಂಬರ್ ಹೇಳಿಬಿಟ್ಟೆ. ಅವರು ಫೋನಿಡುವ ಮೊದಲೇ ಮೆಸೇಜು ಬಂತು: 'ನಿಮ್ಮ ಸಮಸ್ಯೆ ತೃಪ್ತಿಕರವಾಗಿ ಬಗೆಹರಿದಿದೆ.'

ಗುರುವಾರ ಬಂತು, ಇಂಜಿನಿಯರ್ ಬರಲಿಲ್ಲ. ಹಾಗೇ ನಾಲ್ಕು ಗುರುವಾರ ಹೋದವು. ಕಂಪನಿಗೆ ಫೋನ್ ಮಾಡಿದರೆ ಪುಸ್ತಕದ ಹುಡುಗಿ, "ಬಗೆಹರಿದಿದೆ ಎಂದು ನೀವೇ ದೃಢಪಡಿಸಿದ್ದೀರಿ ಮೇಡಂ" ಅಂದಳು.

ಐದನೇ ಗುರುವಾರ ನನಗೆ ತಡೆಯಲಾಗಲಿಲ್ಲ. ಬೆಳಗಿನ ಹಾಲಿನ ಗಾಡಿ ಹೋದ ಕೂಡಲೇ ಬೇಗೂರಿಗೆ ಬಂದು ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಚಾಮರಾಜನಗರ ಸೇರುವ ತನಕ ಆಡಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೆ. ಆಫೀಸು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ರೂಮು. ಒಳಗೆ ನಲವತ್ತು ದಾಟಿದ, ಕನ್ನಡಕದ ಒಬ್ಬ ಮನುಷ್ಯ ಕುತ್ತಿಗೆ ವಾರೆ ಮಾಡಿ ಫೋನು ಹಿಡಿದು, "ಸ್ವಲ್ಪ ನೋಡಿ ಸಾರ್, ಒಂದು ವಾರ ಆಯ್ತು ಸಾರ್" ಅಂತ ಯಾರನ್ನೋ ಬೇಡಿಕೊಳ್ಳುತ್ತಿದ್ದರು. ಅವರೇ ಇಂಜಿನಿಯರ್.

ಫೋನಿಟ್ಟು ನನ್ನನ್ನು ಕೂರಿಸಿದರು. "ದೂರುಗಳ ಪಟ್ಟಿ ತೋರಿಸೋ ನಮ್ಮ ಪ್ರೋಗ್ರಾಮೇ ಕೆಟ್ಟಿದೆ ಮೇಡಂ. ಯಾವ ಊರಿನ ದೂರೂ ಕಾಣ್ತಿಲ್ಲ. ಹೆಡ್ ಆಫೀಸಿಗೆ ನಾನೇ ದೂರು ಕೊಟ್ಟಿದ್ದೆ."

"ಏನಂದ್ರು?"

"ಬಗೆಹರಿದಿದೆ ಅಂತಾರೆ."

"ಅದೆಂಗೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರೂ ನಂಬರ್ ಕೇಳಿದ್ರು. ಪಾಪ ಅನ್ನಿಸ್ತು, ಹೇಳ್ಬಿಟ್ಟೆ."

ಮೊದಲನೇದು ಲೆಕ್ಕಕ್ಕಿಲ್ಲ

ಒಳ್ಳೆಯ ಮನುಷ್ಯ, ಆ ವಾರವೇ ಬಂದರು. ಗೌರಿ ಹಬ್ಬದ ಹಿಂದಿನ ದಿನ ಅದು. ಹಳೆಯ ಪ್ರೋಗ್ರಾಮ್ ತೆಗೆದು ಹೊಸದು ಹಾಕಿದರು. ಅರ್ಧ ಗಂಟೆಯಲ್ಲಿ ನಮ್ಮ ಸಂಜೆ ಸಂಜೆಯಾಯಿತು. ದಿನಾ ಎಷ್ಟು ಹಾಲು ಬಂತು ಅನ್ನುವ ವರದಿಯನ್ನು ಹೊಸ ಪ್ರೋಗ್ರಾಮು ತಾನೇ ಕಂಪನಿಗೆ ಕಳಿಸುತ್ತದೆ ಅಂತಲೂ ಹೇಳಿ, ಕಾಫಿ ಕುಡಿದು ಹೋದರು.

ಇನ್ನೊಂದು ಕೆಟ್ಟದ್ದು ಆಮೇಲೆ ಗೊತ್ತಾಯಿತು. ನಮ್ಮೂರಿನಲ್ಲಿ ಈಗ ಎಲ್ಲರ ಮನೆಯಲ್ಲೂ ಸೀಮೆ ಹಸುವೇ. ಎಮ್ಮೆ ಉಳಿದಿರುವುದು ಒಬ್ಬರ ಮನೆಯಲ್ಲಿ ಮಾತ್ರ, ಆಕೆಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತದೆ. ಹಸುವಿನ ಹಾಲಿಗೆ ಮೂರು, ಮೂರೂವರೆ ಫ್ಯಾಟ್ ಬಂದರೆ ಅವಳ ಎಮ್ಮೆ ಹಾಲಿಗೆ ಏಳು. ಹಬ್ಬದ ದಿನವೇ ಅವಳ ಚೀಟಿಯಲ್ಲಿ 3.5 ಬಂತು.

"ಏನಮ್ಮಿ, ನನ್ ಎಮ್ಮೆ ಯಾವತ್ ಸೀಮೆ ಹಸ ಆಯ್ತು?" ಅಂದಳು. ನಗುತ್ತಲೇ ಅಂದಳು. ಮಾರನೇ ದಿನ 3.2 ಬಂತು, ಆಗ ನಗಲಿಲ್ಲ. ಮೂರನೇ ದಿನ 3.8. ಕ್ಯೂನಲ್ಲಿ ಎಲ್ಲರ ಮುಂದೆ ಚೀಟಿ ಎತ್ತಿ ಹಿಡಿದಳು.

"ನನ್ ಎಮ್ಮೆ ಸುಳ್ಳೇಳಕ್ಕಿಲ್ಲ. ಮಿಷನ್ಗೆ ಸುಳ್ಳೇಳಕ್ಕೆ ಬಾಯಿಲ್ಲ. ಇನ್ ಉಳ್ದೋಳು ಯಾರು?"

ಉಳಿದವಳು ನಾನು. ಒಂದು ವಾರದಲ್ಲಿ ಊರ ತುಂಬ ಅದೇ ಮಾತು: ಸೆಕ್ರೆಟರಿ ದೊಡ್ಡವ್ವನ ಫ್ಯಾಟ್ ಕದ್ದು ಬೇಕಾದವರ ಚೀಟಿಗೆ ಹಾಕುತ್ತಾಳಂತೆ. ಹೊರಗಿನಿಂದ ಬಂದ ಸೊಸೆ ಈ ಊರಿನಲ್ಲಿ ಹನ್ನೊಂದು ವರ್ಷಕ್ಕೆ ಸಂಪಾದಿಸಿದ್ದು ಒಂದು ಒಳ್ಳೆಯ ಹೆಸರು, ಅಷ್ಟೇ. ಅದೂ ಹೋಗುತ್ತಲ್ಲ ಅಂತ ಎಷ್ಟೋ ದಿನ ಊಟ ಸೇರಲಿಲ್ಲ.

ಇಂಜಿನಿಯರನ್ನು ಮತ್ತೆ ಕರೆಸಿದೆ. ಹಾಲನ್ನು ಲೆಕ್ಕಕ್ಕೆ ಸೇರಿಸದೆ ಬರೀ ಪರೀಕ್ಷೆ ಮಾಡಲು ಕಂಪ್ಯೂಟರಿನಲ್ಲಿ ಬೇರೆ ಜಾಗವಿದೆ, ಅದರ ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತು. ಕ್ಯಾನಿನಿಂದ ಒಂದು ಜಗ್ಗು ಹಾಲು ತೆಗೆದು ಅದನ್ನೇ ಆರು ಸಲ ನೋಡಿದರು. ಮೊದಲ ಸಲ 3.1 ಬಂತು. ಆಮೇಲೆ ಐದು ಸಲವೂ 3.6.

"ನೋಡಿ ಮೇಡಂ, ಕಲ್ಲಿನ ಹಾಗಿದೆ ಮಿಷನ್ನು."

"ಮೊದಲ್ನೇದು ಬೇರೆ ಬಂತಲ್ಲ ಸಾರ್?"

"ಮೊದಲನೇದು ಲೆಕ್ಕಕ್ಕಿಲ್ಲ. ಮಿಷನ್ನು ಆಗ ತಾನೇ ಎದ್ದಿರುತ್ತೆ."

'ಯಂತ್ರದಲ್ಲಿ ಯಾವುದೇ ದೋಷವಿಲ್ಲ' ಅಂತ ಬರೆದು ಸಹಿ ಹಾಕಿ ಸೀಲು ಒತ್ತಿಕೊಟ್ಟರು. ಅಧ್ಯಕ್ಷೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿದರು. ಅವರಿಗೆ ತಮ್ಮನ ಹೆಂಡತಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸುವ ಆಸೆ ಮೊದಲಿನಿಂದಲೂ ಇತ್ತು. ಕಾಗದದ ಪಕ್ಕದಲ್ಲೇ ಮೀಟಿಂಗಿನ ನೋಟೀಸೂ ಬಂತು. ಕಡೆ ಕಾರ್ತಿಕ ಸೋಮವಾರದ ಮಾರನೇ ದಿನ, ಮಂಗಳವಾರ ಹತ್ತು ಗಂಟೆಗೆ. ವಿಷಯ ಒಂದೇ: ಈಗಿನ ಸೆಕ್ರೆಟರಿ ಇರಬೇಕೋ ಬೇಡವೋ.

ಇಂಜಿನಿಯರ್ ಹೊರಡುವಾಗ ಎಂದಿನಂತೆ ನಂಬರ್ ಕೇಳಿದರು. ಅವರ ಮಕ್ಕಳನ್ನು ನೆನೆದೂ ಕೊಡಲಿಲ್ಲ.

ಸರತಿ

ಅದೇ ದಿನಗಳಲ್ಲಿ ನನ್ನ ಮನಸ್ಸಿಗೆ ಸಮಾಧಾನ ಕೊಟ್ಟದ್ದು ಒಂದೇ ಒಂದು. ಊರಿಗೆ ನನ್ನ ಮೇಲೆ ಕೋಪವಿದ್ದರೂ ದೊಡ್ಡವ್ವನ ಮೇಲೆ ಪ್ರೀತಿ ಜಾಸ್ತಿಯಾಗಿತ್ತು.

ಮೊದಲೆಲ್ಲ ಕ್ಯೂನಲ್ಲಿ ಮುಂದಿನ ಜಾಗಕ್ಕೆ ಜಗಳವಾಗುತ್ತಿತ್ತು. ಹೊತ್ತಿಗೆ ಮುಂಚೆ ಬಂದು ಖಾಲಿ ಕ್ಯಾನು ಇಟ್ಟು ಹೋಗುವವರಿದ್ದರು. ಈಗ ದೊಡ್ಡವ್ವನ ಬೀದಿಯ ಏಳೆಂಟು ಮನೆಯವರು ಹಾಲು ಹಿಡಿದುಕೊಂಡು ಸುಮ್ಮನೆ ಜಗಲಿಯ ಮೇಲೆ ಕೂತಿರುತ್ತಿದ್ದರು. ದೊಡ್ಡವ್ವನ ಎಮ್ಮೆ ನಿಧಾನ, ಹೊತ್ತೇರಿದ ಮೇಲೆ ಕರೆಯಲು ಬಿಡುತ್ತದೆ. ಆದರೂ ಕಾಯುತ್ತಿದ್ದರು.

"ಮುಂದೆ ಬನ್ರಮ್ಮ" ಅಂದರೆ, "ದೊಡ್ಡವ್ವ ಬರ್ಲಿ ಬುಡಕ್ಕ, ವಯಸ್ಸಾದೋರು, ಎಷ್ಟೊತ್ತು ನಿಂತಾರು?" ಅನ್ನುತ್ತಿದ್ದರು. ದೊಡ್ಡವ್ವ ಬಂದ ಕೂಡಲೇ ದಾರಿ ಬಿಡುತ್ತಿದ್ದರು. ಬೆಳಗ್ಗೆ ಅಧ್ಯಕ್ಷೆಯೇ ಅವಳ ಬೆನ್ನ ಹಿಂದೆ ಕಾವಲು ನಿಂತ ಹಾಗೆ ನಿಲ್ಲುತ್ತಿದ್ದರು. ಈ ಕಾಲದಲ್ಲೂ ಹಿರಿಯರ ಮೇಲೆ ಇಷ್ಟು ಗೌರವ ಇದೆಯಲ್ಲ ಅಂತ ನಾನು ಗಂಡನ ಹತ್ತಿರ ಹೊಗಳಿದ್ದೆ.

ಒಂದು ಸಂಜೆ ಇಬ್ಬರು ಹೆಂಗಸರು ಕ್ಯೂನಲ್ಲಿ ಕಿತ್ತಾಡುತ್ತಿದ್ದರು.

"ನೆನ್ನೆ ನಿಂದಾಗದೆ ಕಣೆ. ಇವತ್ತು ನಂದು ಸರ್ತಿ."

"ಮೊನ್ನೆ ನಾನು ನೆಂಟ್ರು ಮನೆಗ್ ಓಗಿದ್ನಲ್ಲ, ಅದ್ಕೆ ಬದ್ಲಿ ಇದು."

"ಏನ್ ಸರ್ತಿ ಅದು?" ಅಂದೆ. ಇಬ್ಬರೂ ಬಾಯಿಗೆ ಸೆರಗು ಹಿಡಿದುಕೊಂಡರು.

ಎಲ್ಲರೂ ಹೋದ ಮೇಲೆ ಗೌರಿ ಹಬ್ಬದಿಂದ ಈಚೆಗಿನ ಚೀಟಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ದೊಡ್ಡವ್ವನ ಹೆಸರಿನ ಮುಂದೆ ಮೂರೂವರೆ. ಅವಳ ಕೆಳಗಿನ ಹೆಸರಿನ ಮುಂದೆ ಏಳು. ಯಾವ ದಿನ ನೋಡಿದರೂ ಹಾಗೇ. ಆಗ ಅರ್ಥವಾಯಿತು. ಹೊಸ ಪ್ರೋಗ್ರಾಮು ಪ್ರತಿಯೊಬ್ಬರ ಚೀಟಿಯಲ್ಲೂ ಅವರಿಗಿಂತ ಮುಂದೆ ಹಾಕಿದವರ ಫ್ಯಾಟನ್ನು ಹೊಡೆಯುತ್ತಿದೆ. ಹಸುವಿನ ಹಾಲಿನವರಿಗೆ ಅದರಿಂದ ಹೆಚ್ಚುಕಮ್ಮಿ ಏನೂ ಗೊತ್ತಾಗುವುದಿಲ್ಲ. ದೊಡ್ಡವ್ವನಿಗೆ ಮುಂದಿನವಳ ಹಸು, ದೊಡ್ಡವ್ವನ ಹಿಂದೆ ನಿಂತವಳಿಗೆ ಎಮ್ಮೆ.

ಕಂಪನಿಯ ಇಂಜಿನಿಯರಿಗೆ ಸಿಗದ ತಪ್ಪು ಆ ಬೀದಿಯ ಹೆಂಗಸರಿಗೆ ಎಂದೋ ಸಿಕ್ಕಿತ್ತು. ಸಿಕ್ಕಿದ ಮೇಲೆ ಯಾರೂ ದೂರು ಕೊಡಲಿಲ್ಲ, ಬೋರ್‌ವೆಲ್ ನೀರನ್ನು ಹೊಲಗಳಿಗೆ ಸರತಿ ಹಾಕಿಕೊಂಡ ಹಾಗೆ ಹಾಕಿಕೊಂಡರು. ಬೆಳಗಿನ ಸರತಿ ಅಧ್ಯಕ್ಷೆಗೆ ಖಾಯಂ, ಸಂಜೆಯದು ಉಳಿದ ಮನೆಗಳಿಗೆ ದಿನಕ್ಕೊಂದರಂತೆ. ನನ್ನ ತಲೆಯ ಮೇಲೆ ಗೂಬೆ ಕೂರಿಸಿ ಅವರವರಲ್ಲಿ ಮಾತ್ರ ಒಂದು ದಿನವೂ ಅನ್ಯಾಯವಾಗದ ಹಾಗೆ ನೋಡಿಕೊಂಡಿದ್ದರು.

ಎಪ್ಪತ್ತೊಂಬತ್ತು ಜನ

ಅಧ್ಯಕ್ಷೆಗೆ ಹೇಳಿದೆ. "ಮಿಷನ್ ಸರಿಯಾಗದೆ ಅಂತ ಸೀಲು ಒತ್ತಿರ ಕಾಗ್ದ ಗೋಡೆ ಮೇಲದೆ. ಇಂಜಿನಿಯರ್‌ಗಿಂತ ನೀನ್ ದೊಡ್ಡೋಳಾ?" ಅಂದರು. ನಾನೇ ಮಾಡಿ ತೋರಿಸೋಣವೆಂದರೆ ಒಂದು ಹೊತ್ತಿಗೆ ಒಬ್ಬರ ಹೆಸರನ್ನು ಒಂದೇ ಸಲ ಕಂಪ್ಯೂಟರು ತೆಗೆದುಕೊಳ್ಳುತ್ತದೆ. ಪರೀಕ್ಷೆಯ ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ. ಇಂಜಿನಿಯರ್ ಫೋನು ಎತ್ತುತ್ತಿಲ್ಲ, ನಂಬರ್ ಕೊಡದ ಸಿಟ್ಟು. ಮತ್ತೆ ಕಂಪನಿಗೇ ಫೋನ್ ಮಾಡಿದೆ. ಈ ಸಲ ಹುಡುಗಿ ತನ್ನ ಮೇಲಿನವರಿಗೆ ಕೊಟ್ಟಳು. ಆತ ಪೂರ್ತಿ ಕೇಳಿಸಿಕೊಂಡರು, ಅದೇ ನನಗೆ ಆಶ್ಚರ್ಯ.

"ಒಟ್ಟು ಎಷ್ಟು ಜನ ಸದಸ್ಯರು ಮೇಡಂ?"

"ಎಂಬತ್ತು."

"ಕಡಿಮೆ ಬರುತ್ತಿದೆ ಎಂದು ಹೇಳಿದವರು ಎಷ್ಟು ಜನ?"

"ಒಬ್ಬರು."

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. "ಅಂದರೆ ಎಪ್ಪತ್ತೊಂಬತ್ತು ಜನ ತೃಪ್ತಿಯಿಂದಿದ್ದಾರೆ. ಇಷ್ಟು ಒಳ್ಳೆಯ ಫಲಿತಾಂಶ ನಿಮ್ಮ ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲ ಮೇಡಂ. ಅಭಿನಂದನೆಗಳು."

ಸೋಮವಾರದ ಸೊನ್ನೆ

ನಮ್ಮೂರಿನಲ್ಲಿ ಕಡೆ ಕಾರ್ತಿಕ ಸೋಮವಾರ ಒಂದು ಹನಿ ಹಾಲೂ ಡೇರಿಗೆ ಬರುವುದಿಲ್ಲ. ಅವತ್ತಿನ ಬೆಳಗಿನ ಹಾಲು ಶಿವನ ಪಾಲು, ಸಂಜೆಯದು ಮನೆಯ ಪಾಲು. ಎಲ್ಲರೂ ಕ್ಯಾನು ತಂದು ಈಶ್ವರನ ಗುಡಿಯ ಮುಂದಿನ ಕೊಪ್ಪರಿಗೆಗೆ ಸುರಿಯುತ್ತಾರೆ, ಪಾಯಸವಾಗುತ್ತದೆ, ಊರೆಲ್ಲ ಉಣ್ಣುತ್ತದೆ. ಹಾಲಿನ ಗಾಡಿಯವರಿಗೆ ಹಿಂದಿನ ದಿನವೇ ಹೇಳಿರುತ್ತೇವೆ. ಕಂಪ್ಯೂಟರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಎಂದಿನಂತೆ ಡೇರಿ ಬಾಗಿಲು ತೆಗೆದು ಕಂಪ್ಯೂಟರು ಹಾಕಿ ಕೂತಿದ್ದೆ. ಗುಡಿಯ ಹತ್ತಿರ ಹೋಗಲು ಮನಸ್ಸಿರಲಿಲ್ಲ. ನಾಳೆ ಮೀಟಿಂಗು, ಅಲ್ಲಿ ಹೋಗಿ ಯಾರ ಮುಖ ನೋಡಲಿ? ಹತ್ತು ಗಂಟೆಗೆ ಒಂದು ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮುಂದೆ ನಮ್ಮ ಇಂಜಿನಿಯರ್. ಹಿಂದಿನಿಂದ ಇಳಿದವರು ಕಂಪನಿಯ ಮ್ಯಾನೇಜರು, ಮೈಸೂರಿನಿಂದ ಬಂದದ್ದಂತೆ.

ಮ್ಯಾನೇಜರು ಬೆವರುತ್ತಿದ್ದರು. "ಯಾವ ಕಂಪನಿಯ ಮಿಷನ್ ತಗೊಂಡ್ರಿ ಮೇಡಂ?"

"ಯಾವ ಮಿಷನ್ ಸಾರ್?"

"ಮುಚ್ಚುಮರೆ ಬೇಡ. ಬೆಳಗ್ಗೆಯಿಂದ ನಿಮ್ಮದು ಸೊನ್ನೆ ಲೀಟರ್ ತೋರಿಸ್ತಿದೆ. ನಮ್ಮದನ್ನ ಬಿಟ್ಟಿದ್ದೀರಿ. ರೇಟು ಎಷ್ಟು ಹೇಳಿದ್ರು ಅವರು?" ಅನ್ನುತ್ತಾ ಬಗ್ಗಿ ಮೇಜಿನ ಕೆಳಗೆ ಬೇರೆ ಮಿಷನ್ನು ಇದೆಯೋ ಅಂತ ನೋಡಿದರು.

ವಿಷಯ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತು ನೀರಿನ ಬಾಟ್ಲಿ ತೆಗೆದರು. ನನಗೆ ಆಗ ಬಂದ ಸಿಟ್ಟನ್ನು ಬರೆಯಲಾರೆ. "ಹನ್ನೊಂದು ದೂರು ಕೊಟ್ಟಿದ್ದೀನಿ, ಒಂದಕ್ಕೂ ಕಾರು ಬರ್ಲಿಲ್ಲ. ಇವತ್ತು ದೂರೇ ಇಲ್ಲ, ಓಡಿ ಬಂದ್ರಿ."

ಇಂಜಿನಿಯರ್ ಮೆಲ್ಲಗೆ ಅಂದರು, "ದೂರು ಬಂದ್ರೆ ನನಗೆ ಮೆಸೇಜ್ ಬರುತ್ತೆ ಮೇಡಂ. ಸೊನ್ನೆ ಬಂದ್ರೆ ಸಾಹೇಬ್ರಿಗೆ ಬರುತ್ತೆ."

ಅಷ್ಟರಲ್ಲಿ ದೊಡ್ಡವ್ವ ಕ್ಯಾನು ಹಿಡಿದು ಗುಡಿಯ ಕಡೆ ಹೊರಟದ್ದು ಬಾಗಿಲಿನಿಂದ ಕಾಣಿಸಿತು. ಅವಳ ಎಮ್ಮೆ ಶಿವನಿಗೂ ತಡವಾಗಿಯೇ ಕರೆದಿತ್ತು. ಓಡಿಹೋಗಿ ಕೈ ಹಿಡಿದೆ. "ದೊಡ್ಡವ್ವ, ಎರಡು ಲೋಟ ಹಾಲು ಬೇಕು. ನನ್ನ ಮಾನ ಉಳಿಯೋದು ಅದರಲ್ಲಿ."

ಎರಡೂವರೆ ತಿಂಗಳಿನಿಂದ ಬೈಯುತ್ತಿದ್ದವಳು ನನ್ನ ಮುಖವನ್ನೇ ನೋಡಿದಳು. "ತಕ್ಕೊ. ಮಾನದ್ ಮಾತು ಅಂದ್ರೆ ಶಿವ ಬ್ಯಾಡ ಅನ್ನಕ್ಕಿಲ್ಲ."

ಇಂಜಿನಿಯರ್ ಪಾಸ್‌ವರ್ಡ್ ಹಾಕಿದರು. ದೊಡ್ಡವ್ವನ ಮೊದಲ ಲೋಟಕ್ಕೆ 3.4 ಬಂತು, ಅದು ಭಾನುವಾರ ಸಂಜೆ ಕಡೆಗೆ ಹಾಕಿದ ಹಸುವಿನದು.

"ಮೊದಲನೇದು..." ಅಂತ ಇಂಜಿನಿಯರ್ ಶುರು ಮಾಡಿದರು.

"ಲೆಕ್ಕಕ್ಕಿಲ್ಲ, ಗೊತ್ತು. ಈಗ ಸಾಹೇಬ್ರ ಬಾಟ್ಲಿ ನೀರು ಹಾಕಿ" ಅಂದೆ.

ಮ್ಯಾನೇಜರು ತಾವು ಕುಡಿದು ಉಳಿಸಿದ ನೀರನ್ನು ತಾವೇ ಲೋಟಕ್ಕೆ ಬಗ್ಗಿಸಿ ಇಟ್ಟರು. ಚೀಟಿ ಬಂತು: 7.2. ಅವರು ಚೀಟಿ ನೋಡಿದರು, ಬಾಟ್ಲಿ ನೋಡಿದರು. ನಾನು ದೊಡ್ಡವ್ವನ ಎರಡನೇ ಲೋಟ ಇಟ್ಟೆ. ಸೊನ್ನೆ ಬಂತು.

ದೊಡ್ಡವ್ವ ಹತ್ತಿರ ಬಂದು ಮ್ಯಾನೇಜರ ಕೈಯಲ್ಲಿದ್ದ ಬಾಟ್ಲಿಯನ್ನು ಚೆನ್ನಾಗಿ ನೋಡಿ ಕೇಳಿದಳು, "ಸಾ, ಈ ನೀರ್ನ ಎಷ್ಟೊತ್ಗೆ ಕರೀತೀರಿ?"

ಮ್ಯಾನೇಜರು ಯಾರಿಗೋ ಫೋನ್ ಮಾಡಿದರು, ಇಂಗ್ಲಿಷಿನಲ್ಲಿ ರೇಗಿದರು. ಅರ್ಧ ಗಂಟೆಯಲ್ಲಿ ಹಳೆಯ ಪ್ರೋಗ್ರಾಮನ್ನೇ ವಾಪಸ್ಸು ಹಾಕಿದರು. ಮತ್ತೆ ನೋಡಿದಾಗ ಎಮ್ಮೆ ಹಾಲಿಗೆ ಏಳು, ನೀರಿಗೆ ಸೊನ್ನೆ. "ಇನ್ನು ಸಂಜೆ ಹಾಲಿಗೆ ಮತ್ತೆ ಬೆಳಗ್ಗೆ ಅಂತ ಬರುತ್ತೆ, ಪರವಾಗಿಲ್ವಾ?" ಅಂದರು. ಬರಲಿ ಬಿಡಿ ಅಂದೆ.

"ಪ್ರೋಗ್ರಾಮಿನಲ್ಲಿ ತಪ್ಪಿತ್ತು ಅಂತ ಒಂದು ಕಾಗದ ಬರೆದುಕೊಡಿ ಸಾರ್. ನಾಳೆ ನನಗೆ ಬೇಕು."

"ತಪ್ಪಲ್ಲ ಮೇಡಂ ಅದು. ಫಲಿತಾಂಶ ಸ್ವಲ್ಪ ತಡವಾಗಿ ಬರ್ತಿತ್ತು ಅಷ್ಟೇ."

"ಎಷ್ಟು ತಡ?"

"ಒಬ್ಬರಷ್ಟು" ಅಂದವರೇ, ತಮ್ಮ ನೀರಿನ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಪಾಯಸಕ್ಕೆ ಹೋದರು.

ಮಿಷನ್ನು ರಿಪೇರಿಯಾಯಿತು, ನನ್ನ ಹೆಸರು ಆಗಲಿಲ್ಲ. ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಲೆಕ್ಕ ಹಾಕುತ್ತಿದ್ದಳು. "ಅಂಗಾರೆ ಅಮ್ಮಿ, ನನ್ ಇಂದೆ ನಿಂತ್ಕತಿದ್ರಲ್ಲ ಅವ್ರು?" ನಾನು ಸರತಿಯ ಕಥೆಯನ್ನೆಲ್ಲ ಹೇಳಿದೆ. ಅವಳು ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದಳು. ಆಮೇಲೆ ನನ್ನ ತಲೆ ಸವರಿದಳು. "ನಿನ್ನ ಬೋ ಅಂದ್ಬುಟ್ಟೆ ಮಗ. ನಾಳೆ ಬೆಳಿಗ್ಗೆಗಂಟ ಯಾರ್ ತಾವೂ ಬಾಯ್ ಬುಡಬ್ಯಾಡ."

ಮಂಗಳವಾರ

ಮಾರನೇ ಬೆಳಗ್ಗೆ ಬೇಗನೇ ಡೇರಿ ಬಾಗಿಲು ತೆಗೆದೆ. ಹಾಲು ಹಾಕಿ ಹತ್ತು ಗಂಟೆಯ ಮೀಟಿಂಗಿಗೆ ಅಲ್ಲೇ ಉಳಿಯೋಣವೆಂದು ಎಂಬತ್ತು ಮನೆಯವರೂ ಡೇರಿಯ ಮುಂದೆ ಸೇರಿದ್ದರು. ಎಲ್ಲರೂ ಹಾಲು ಹಾಕಿದರು, ಆ ಬೀದಿಯವರು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ದೊಡ್ಡವ್ವ ಬಂದಳು. ದಾರಿ ಬಿಟ್ಟರು. ಹಿಂದೆಯೇ ಅಧ್ಯಕ್ಷೆ, ಕ್ಯಾಲೆಂಡರಿನ ಅದೇ ಸೀರೆಯಲ್ಲಿ.

ದೊಡ್ಡವ್ವನ ಚೀಟಿ ಬಂತು: 7.2. ಏನೂ ಮಾತಾಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಳು. ಅಧ್ಯಕ್ಷೆಯ ಚೀಟಿ ಬಂತು: 3.1.

ಅವರು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದರು. "ಏನಮ್ಮಿ ಇದು?"

"ಫ್ಯಾಟು ಅಕ್ಕ."

"ನೋಡ್ರವ್ವ, ನೋಡ್ಕಳ್ಳಿ" ಅಂತ ಎಲ್ಲರ ಕಡೆ ತಿರುಗಿದರು. "ಇಷ್ಟ್ ದಿನ ದೊಡ್ಡವ್ವನ ಹಾಲ್ಗೆ ಕೈ ಆಕ್ದೋಳು ಇವತ್ತು ಮೀಟಿಂಗ್ ಸಿಟ್ಗೆ ನನ್ ಹಾಲ್ಗೂ ಕೈ ಆಕವ್ಳೆ. ಇದ್ಕಿಂತ ಸಾಕ್ಷಿ ಬೇಕಾ? ಕಂಪ್ನಿಗೆ ಫೋನ್ ಮಾಡು. ಸ್ಪೀಕರ್ ಆಕು, ಎಲ್ಲಾರೂ ಕೇಳ್ಲಿ. ನಾನೇ ಮಾತಾಡ್ತೀನಿ, ನಾನು ಅಂದ್ರೆ ಕಂಪ್ನಿಲಿ ಎಲ್ಲಾರ್ಗೂ ಗೊತ್ತು."

ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಪುಸ್ತಕದ ಹುಡುಗಿಯೇ ಸಿಕ್ಕಿದಳು.

"ನಮಸ್ಕಾರ ಮೇಡಂ, ನಿಮ್ಮ ಸಮಸ್ಯೆ ಏನೆಂದು ತಿಳಿಸಿ."

"ನಾನು ಡೇರಿ ಅದ್ಯಕ್ಷೆ. ನನ್ ಹಾಲ್ಗೆ ಫ್ಯಾಟ್ ಕಮ್ಮಿ ಬಂದದೆ."

"ಎಲ್ಲರಿಗೂ ಕಡಿಮೆ ಬಂದಿದೆಯೇ ಮೇಡಂ?"

"ಇಲ್ಲ. ನನ್ ಮುಂದಿದ್ದ ದೊಡ್ಡವ್ವಂಗೆ ಏಳು ಬಂದದೆ."

"ಅವರದು ಯಾವ ಹಾಲು?"

"ಎಮ್ಮೆದು."

"ನಿಮ್ಮದು?"

"ಸೀಮೆ ಹಸಿಂದು. ಮೂರು ಒಂದು ಬಂದದೆ."

"ಎಮ್ಮೆ ಹಾಲಿಗೆ ಏಳು, ಹಸುವಿನ ಹಾಲಿಗೆ ಮೂರು. ಸರಿಯಾಗಿಯೇ ಇದೆಯಲ್ಲ ಮೇಡಂ?"

ಅಧ್ಯಕ್ಷೆಗೆ ರೇಗಿಹೋಯಿತು. ಫೋನಿನ ಹತ್ತಿರ ಬಗ್ಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಎಂಗವ್ವ ಸರಿ? ಗೌರಿ ಹಬ್ಬದಿಂದ ದಿನಾ ಬೆಳಿಗ್ಗೆ ದೊಡ್ಡವ್ವನ ಫ್ಯಾಟು ನನ್ ಚೀಟಿಗೆ ಬತ್ತಿತ್ತು. ಇವತ್ತು ನಂದೇ ಬಂದ್ಬುಟ್ಟದೆ."

ಅಧ್ಯಕ್ಷೆ ತಾವು ಆಡಿದ್ದನ್ನು ತಾವೇ ಕೇಳಿಸಿಕೊಂಡವರ ಹಾಗೆ ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿದರು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ನಗು ಗೇಟಿನ ತನಕ ಹೋಯಿತು, ಸರತಿಯ ಬೀದಿಯವರೂ ತಲೆ ತಗ್ಗಿಸಿಕೊಂಡೇ ನಕ್ಕರು. ಯಾರೋ ಎದ್ದು ಮೀಟಿಂಗಿನ ನೋಟೀಸನ್ನು ಗೋಡೆಯಿಂದ ಕಿತ್ತರು. ನನಗೆ ನಗು ಬಂತು, ಅದರ ಜೊತೆಗೇ ಅಳು. ಎರಡೂವರೆ ತಿಂಗಳಿನಲ್ಲಿ ಮೊದಲ ಸಲ ಕುರ್ಚಿಗೆ ಒರಗಿ ಕೂತೆ.

ಫೋನಿನಲ್ಲಿ ಹುಡುಗಿ ಇನ್ನೂ ಕಾಯುತ್ತಿದ್ದಳು. "ಮೇಡಂ, ಇದನ್ನು ದೂರು ಎಂದು ಬರೆದುಕೊಳ್ಳಲೇ?"

ದೊಡ್ಡವ್ವ ಮುಂದೆ ಬಂದು ಫೋನನ್ನು ಕೈಗೆತ್ತಿಕೊಂಡಳು.

"ಬರ್ಕೊ ಮಗ. ನನ್ ಇಂದೆ ನಿಂತೋರ್ ಎಸ್ರುಗೋಳ್ನ ನಾನ್ ಏಳ್ತೀನಿ, ಎಂಟವೆ."